ಮುತ್ತುಗದ ಎಲೆಯ ಮೇಲೆ ಸತ್ತ ಕಾಳು

ನಮ್ಮೂರಿನ ಗಡಿಕಲ್ಲಿನ ಒಳಗೆ ಅವು ಕಣ್ಣಿಗೆ ಕಾಣುತ್ತವೆ. ಕಲ್ಲು ದಾಟಿದರೆ ಕಾಣುವುದಿಲ್ಲ. ಪಿಂಗಾಣಿ ಬಟ್ಟಲಿನಲ್ಲಿ ಹಾಕಿಕೊಂಡು ನಡೆಯುತ್ತ ಹೋದರೆ, ಕಲ್ಲಿನ ಈಚೆ ಜೀರಿಗೆ ಗಾತ್ರದಲ್ಲಿ ಓಡಾಡಿಕೊಂಡಿದ್ದವು ಒಂದು ಹೆಜ್ಜೆ ಆಚೆ ಇಟ್ಟ ಕೂಡಲೇ ಬರೀ ನೀರಾಗುತ್ತವೆ. ಹಿಂದಕ್ಕೆ ಬಂದರೆ ಮತ್ತೆ ಜೀರಿಗೆ. ಚಿಕ್ಕಂದಿನಲ್ಲಿ ನಾವೆಲ್ಲ ಈ ಆಟ ಆಡಿದವರೇ. ಯಾಕೆ ಹೀಗೆ ಎಂದು ಕೇಳಿದರೆ ಹಿರಿಯರು, "ಮತ್ತೆ ಗಡಿಕಲ್ಲು ನೆಟ್ಟಿರೋದು ಯಾತಕ್ಕೆ?" ಎಂದು ನಮ್ಮನ್ನೇ ಕೇಳುತ್ತಿದ್ದರು.

ಎಲ್ಲವೂ ಕಾಣುವುದಿಲ್ಲ. ಬಣ್ಣದ ಬಾನಿಯಲ್ಲಿರುವವು, ಮೊಸರಿನ ಗಡಿಗೆಯಲ್ಲಿರುವವು, ಹುಳಿಯಿಟ್ಟ ಹಿಟ್ಟಿನಲ್ಲಿರುವವು ಮಾತ್ರ ಕಾಣುತ್ತವೆ. ನಮ್ಮ ಮೈಮೇಲಿನವು ಕಾಣದಿರುವುದೇ ವಾಸಿ, ಕಂಡಿದ್ದರೆ ಯಾರಿಗೆ ಊಟ ಸೇರುತ್ತಿತ್ತು? ಹೆಣ್ಣು ನೋಡಲು ಬಂದವರು ನಮ್ಮೂರಿನಲ್ಲಿ ಮೊದಲು ಮೊಸರಿನ ತಿಳಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಆಮೇಲೆ ಹುಡುಗಿಯನ್ನು. ಪರಊರಿನಿಂದ ಬಂದ ಸೊಸೆಯಂದಿರು ಮೊದಲ ವಾರ ಮಜ್ಜಿಗೆ ಕುಡಿಯುವುದಿಲ್ಲ. ಎರಡನೆಯ ವಾರ ಕಣ್ಣು ಮುಚ್ಚಿಕೊಂಡು ಕುಡಿಯುತ್ತಾರೆ. ತಿಂಗಳಾಗುವಷ್ಟರಲ್ಲಿ ಅವರೇ ಗಡಿಗೆಗೆ ಬಗ್ಗಿ, "ಇವತ್ತು ಯಾಕೋ ಮಂಕಾಗಿದಾವೆ" ಎನ್ನುತ್ತಾರೆ.

ಊರಿನವರು ಅವನ್ನು ಕಾಳು ಎಂದು ಕರೆಯುತ್ತಾರೆ. ನಾನು ಪರಊರಿನ ಕಾಲೇಜಿನಲ್ಲಿ ಓದುವಾಗ ಅವಕ್ಕೆ ಬ್ಯಾಕ್ಟೀರಿಯಾ ಎಂಬ ಹೆಸರಿದೆಯೆಂದು ತಿಳಿಯಿತು. ಅಲ್ಲಿ ಕತ್ತಲೆ ಕೋಣೆಯಲ್ಲಿ, ಸಾಲಿನಲ್ಲಿ ನಿಂತು, ಒಂದು ಕಣ್ಣು ಮುಚ್ಚಿಕೊಂಡು, ಯಂತ್ರದ ಕೊಳವೆಯೊಳಗೆ ನನಗೆ ತೋರಿಸಿದ್ದು ಅವ್ವ ದಿನಾ ಟೀ ಕುಡಿಯುತ್ತಾ ನೋಡುವುದನ್ನೇ. ಕಂಡದ್ದರ ಚಿತ್ರ ಬರೆದುಕೊಟ್ಟು ಬಂದೆ. ನನಗೆ ಮಾತು ಮೊದಲಿನಿಂದಲೂ ಕಡಿಮೆ. ಪದವಿ ಮುಗಿಸಿ ಊರಿಗೆ ಬಂದು ಬಾನಿಯ ಪಕ್ಕದ ಮಣೆಯ ಮೇಲೆ ಕೂತೆ. ಹಾಗೆ ಕೂತು ಎರಡು ವರ್ಷವಾಯಿತು. ಅಲ್ಲಿಗಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ಎಷ್ಟು ನೋಡಿದರೂ ಸಾಕಾಗುತ್ತಿರಲಿಲ್ಲ. ಕಡಲೆಕಾಯಿಯ ಹಾಗೆ ಹೊರಗೊಂದು ಗಟ್ಟಿ ಸಿಪ್ಪೆ. ಅದರ ಒಳಮೈಗೆ, ಬೀಜಕ್ಕೆ ಅಂಟಿದ ಕೆಂಪು ಹೊಟ್ಟಿನಂಥ ತೆಳು ಪೊರೆ. ಯಾವುದು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಎನ್ನುವುದೆಲ್ಲ ಆ ಪೊರೆಯ ಕಾರುಬಾರು. ಒಳಗೆ ಕೋಣೆಗಳಿಲ್ಲ. ನಮ್ಮ ಮೈಯ ಒಂದೊಂದು ಕಣದಲ್ಲೂ ಆನುವಂಶಿಕ ಎಳೆಗೆ ಬೇರೆಯೇ ಕೋಣೆಯಿದೆ, ಅದಕ್ಕೆ ಗೋಡೆಯಿದೆ, ಕಂಡಿಗಳಿವೆ. ಇವಕ್ಕೆ ಅಂಥ ಮರೆಯಿಲ್ಲ. ಬದುಕಿನ ಲೆಕ್ಕಾಚಾರವೆಲ್ಲ ಇರುವ ಎಳೆ, ಬಿಚ್ಚಿಟ್ಟ ನೂಲಿನುಂಡೆಯ ಹಾಗೆ ನಡುಮನೆಯಲ್ಲೇ ಬಿದ್ದಿರುತ್ತದೆ. ಸುತ್ತ ರಾಗಿ ಹಿಟ್ಟು ಚೆಲ್ಲಿದಂತೆ ಕಣಗಳು. ಎಳೆಯ ಮಾತು ಕೇಳಿ ಬೇಕಾದ ಸಾಮಾನು ಮಾಡಿ ಹಾಕುವ ಕೆಲಸಗಾರರು ಅವು. ಹಿಂದೆ ತಿರುಗುವ ಬಾಲ. ಮತ್ತೆ ಕೆಲವುಗಳಲ್ಲಿ ಮಾತ್ರ, ಎಳೆಯಿಂದ ಬೇರೆಯಾಗಿ, ಪುಟ್ಟದೊಂದು ಉಂಗುರ. ಅದನ್ನು ಊರಿನವರು ಬಳೆ ಎನ್ನುತ್ತಾರೆ. ಬಳೆಯಿಲ್ಲದೆಯೂ ಕಾಳು ಬದುಕುತ್ತದೆ. ಬಳೆಯಿದ್ದರೆ ಒಂದು ವಿದ್ಯೆ ಹೆಚ್ಚಿಗೆ ಬರುತ್ತದೆ, ಅಷ್ಟೆ.

ಆ ಬಳೆಯನ್ನು ಅವು ಒಂದಕ್ಕೊಂದು ಕೊಡುತ್ತವೆ. ಬಳೆಯಿರುವ ಕಾಳು ಇಲ್ಲದ ಕಾಳಿನ ಕಡೆಗೆ ಕೂದಲಿಗಿಂತ ಸಣ್ಣ ಕೈ ಚಾಚುತ್ತದೆ, ಹಿಡಿಯುತ್ತದೆ, ಮೆಲ್ಲಗೆ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಎರಡು ಎಳೆ ಹೊಸೆದ ಬಳೆಯದು. ಅದರಲ್ಲಿ ಒಂದು ಎಳೆ ಬಿಚ್ಚಿಕೊಂಡು ಆ ಕಡೆಗೆ ಸರಿಯುತ್ತದೆ. ಇಲ್ಲಿ ಉಳಿದ ಒಂಟಿ ಎಳೆ, ಅಲ್ಲಿ ಹೋದ ಒಂಟಿ ಎಳೆ, ಎರಡೂ ತಮ್ಮ ಜೋಡಿಯನ್ನು ತಾವೇ ಹೊಸೆದುಕೊಳ್ಳುತ್ತವೆ. ಕೈ ಬಿಟ್ಟಾಗ ಇಬ್ಬರ ಹತ್ತಿರವೂ ಇಡೀ ಬಳೆಯಿರುತ್ತದೆ. ಕೊಟ್ಟವರಿಗೆ ಏನೂ ಕಡಿಮೆಯಾಗಿರುವುದಿಲ್ಲ. ನೆಂಟರಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವಲ್ಲ, ಕೆಲವು ಸಲ ಒಂದೇ ಜಾತಿಯವೂ ಅಲ್ಲ. ಪಕ್ಕದಲ್ಲಿ ಸಿಕ್ಕಿದ್ದಷ್ಟೇ ಸಂಬಂಧ.

ನಮ್ಮದು ಬಣ್ಣದ ಊರು. ಹನ್ನೊಂದು ಮನೆಗಳಲ್ಲಿ ನೀಲಿಯ ಬಾನಿಗಳಿದ್ದವು. ನೆಲದಲ್ಲಿ ಕುತ್ತಿಗೆಯವರೆಗೆ ಹೂತ ದೊಡ್ಡ ಮಣ್ಣಿನ ಬಾನಿ, ಅದರೊಳಗೆ ನೀಲಿಯ ಗಟ್ಟಿ, ಸುಣ್ಣದ ತಿಳಿ, ಬೇಯಿಸಿದ ತಗಚೆ ಬೀಜ. ಕಾಳುಗಳು ತಗಚೆ ತಿಂದು, ನೀರಿನಲ್ಲಿ ಕರಗದ ನೀಲಿಯನ್ನು ಕರಗುವ ಹಳದಿ ಮಾಡುತ್ತವೆ. ಅದ್ದಿದ ಬಟ್ಟೆ ಹೊರಗೆ ಬರುವಾಗ ಹಳದಿಯಾಗಿರುತ್ತದೆ. ಗಾಳಿ ತಗಲಿದಂತೆ ಹಸಿರಾಗಿ, ನೋಡನೋಡುತ್ತಾ ನೀಲಿಯಾಗುತ್ತದೆ. ಕಾಳು ಸತ್ತರೆ ಬಾನಿ ಬರೀ ಕೆಸರು.

ಹಾಗಾಗಿ ಬಾನಿಯ ಮಡಿ ದೊಡ್ಡದು. ಬೆಳಗ್ಗೆ ಎದ್ದ ಕೂಡಲೇ ಸತ್ತ ಕಾಳುಗಳನ್ನು ತೆಳು ಬಟ್ಟೆಯ ಜಾಳಿಗೆಯಲ್ಲಿ ಎತ್ತಬೇಕು, ಊರಂಚಿನಲ್ಲಿ, ಗಡಿಕಲ್ಲಿನ ಒಳಗೇ ಇರುವ ಹೊಂಗೆಮರದ ಕೆಳಗಿನ ಬೂದಿಗುಂಡಿಗೆ ಒಯ್ಯಬೇಕು, ಗುಂಡಿಯಲ್ಲಿ ತಮ್ಮ ಮನೆಗೆಂದು ಬಿಟ್ಟ ಮೂಲೆಯಲ್ಲಿ ಹಾಕಿ ಮೇಲೊಂದು ಹಿಡಿ ಬೂದಿ ಚೆಲ್ಲಬೇಕು. ಸತ್ತಿದ್ದನ್ನು ಬದುಕಿದ್ದರ ನಡುವೆ ಬಿಟ್ಟರೆ ಬಾನಿ ಮೈಲಿಗೆ. ಇದನ್ನು ಯಾರೂ ಒಂದು ದಿನವೂ ತಪ್ಪಿಸಿದ್ದಿಲ್ಲ.

ಇನ್ನೊಂದು ಕಟ್ಟು ಇದೆ. ನೀಲಿ ಹತ್ತಿದ ಕೈಯನ್ನು ಬಾನಿಯ ಅಂಚಿನ ಮೇಲಿಟ್ಟು ಆಡಿದ ಮಾತನ್ನು ಮುರಿಯುವಂತಿಲ್ಲ. ಮುರಿದವರು ಮತ್ತೆಂದೂ ಬಾನಿಗೆ ಕೈ ಹಾಕುವಂತಿಲ್ಲ. ಮುರಿ ಎಂದು ಕೇಳುವುದೂ ತಪ್ಪೇ.

ನನ್ನ ದೊಡ್ಡವ್ವ ಮಾಳವ್ವ ಹಾಗೆ ಕೈಯಿಟ್ಟು ಹನ್ನೆರಡು ವರ್ಷವಾಗಿತ್ತು. ಅವ್ವ ಸಿದ್ಲಿಂಗವ್ವ, ದೊಡ್ಡವ್ವ ಇಬ್ಬರೂ ಒಂದೇ ಬಾನಿಯಲ್ಲಿ ಕೆಲಸ ಮಾಡುತ್ತಿದ್ದವರು, ಅಜ್ಜಿಯ ಬಾನಿಯಲ್ಲಿ. ಅಜ್ಜಿಯ ನೀಲಿಯೆಂದರೆ ಕಪ್ಪಿಗೆ ಒಂದು ಕೂದಲೆಳೆ ಈಚೆ ನಿಂತ ನೀಲಿ. ಆ ಕಾಳುಗಳಲ್ಲಿದ್ದ ಬಳೆಯ ವಿದ್ಯೆ ಅದು. ಅಜ್ಜಿ ಸತ್ತ ವರ್ಷ ಅವ್ವ, ಬೇಗ ಬಣ್ಣ ಕಟ್ಟುತ್ತದೆ ಎಂಬ ಆಸೆಗೆ, ದಾರಿಹೋಕ ವ್ಯಾಪಾರಿಯೊಬ್ಬನ ಗಡಿಗೆಯಿಂದ ಒಂದು ಸೌಟು ಕಾಳು ತಂದು ಹೇಳದೆ ಕೇಳದೆ ಸುರಿದಳು. ಅವುಗಳಲ್ಲೂ ಒಂದು ಬಳೆಯಿತ್ತು. ಒಂದೇ ಬಗೆಯ ಎರಡು ಬಳೆ ಒಂದು ಕಾಳಿನಲ್ಲಿ ಬಾಳುವುದಿಲ್ಲ, ಒಂದು ಇನ್ನೊಂದನ್ನು ಹೊರದಬ್ಬುತ್ತದೆ. ನಾಲ್ಕು ದಿನದಲ್ಲಿ ಬಾನಿಯ ತುಂಬ ಕೈಗಳು ಚಾಚಿ, ವ್ಯಾಪಾರಿಯ ಬಳೆ ಹರಡಿ, ಅಜ್ಜಿಯ ಬಳೆ ಕಾಣೆಯಾಗತೊಡಗಿತು. ಬಟ್ಟೆ ಬೇಗ ಬಣ್ಣ ಹಿಡಿಯುತ್ತಿತ್ತು, ಹಸಿರಿಗೆ ವಾಲಿದ ನೀಲಿ. ದೊಡ್ಡವ್ವ ಇನ್ನೂ ಕೆಡದ ಕಾಳುಗಳನ್ನು ಒಂದೊಂದಾಗಿ ಆರಿಸಿ ಗಡಿಗೆಗೆ ಹಾಕಿಕೊಂಡು, ಪಚ್ಚೆಕಲ್ಲಿನ ಗುಡ್ಡದ ಬುಡದಲ್ಲಿ ಬೇರೆ ಮನೆ ಮಾಡಿ, ಬೇರೆ ಬಾನಿ ಹೂತಳು. ಅದರ ಅಂಚಿನ ಮೇಲೆ ಕೈಯಿಟ್ಟು, "ನನ್ನ ಬಾನಿಯ ಜೀವದ ಕಾಳು ಒಂದೂ ಈ ಹೊಸಿಲು ದಾಟಲ್ಲ" ಎಂದಳು. ಅಂದಿನಿಂದ ಅಕ್ಕತಂಗಿಯರಲ್ಲಿ ಮಾತಿಲ್ಲ. ನಾನು ಹೋಗಿಬಂದು ಮಾಡುವುದಕ್ಕೆ ಅವ್ವನ ಅಡ್ಡಿಯಿರಲಿಲ್ಲ. ಬಂದ ಮೇಲೆ ಏನೂ ಕೇಳುತ್ತಲೂ ಇರಲಿಲ್ಲ. ದೊಡ್ಡವ್ವ ನನ್ನ ಕೈಗೆ ಎಣ್ಣೆ ಹಚ್ಚಿ ಕಳಿಸಿದ್ದರೆ ಅದನ್ನು ಮಾತ್ರ ಮೂಸಿ ನೋಡುತ್ತಿದ್ದಳು.

ಈ ವರ್ಷ ಊರಬಾವಿಯ ಗೋಡೆ ಕುಸಿಯಿತು. ಗುಡ್ಡದ ಮಗ್ಗುಲಲ್ಲಿ ಹೊಸ ಕೊಳವೆಬಾವಿ ತೋಡಿ ಊರಿಗೆ ನೀರು ಬಿಟ್ಟರು. ಕುಡಿಯಲು ಏನೂ ತೊಂದರೆಯಿರಲಿಲ್ಲ, ನಾಲಗೆಯ ತುದಿಗೆ ತುಸು ಒಗರು. ಪಚ್ಚೆಕಲ್ಲಿನೊಳಗಿನ ತಾಮ್ರ. ಮನುಷ್ಯರಿಗೆ ಲೆಕ್ಕಕ್ಕಿಲ್ಲದಷ್ಟು ತಾಮ್ರ ಕಾಳುಗಳಿಗೆ ಸಾವಾಯಿತು.

ಮೊದಲು ಹೋಗಿದ್ದು ಪಕ್ಕದ ಮನೆಯ ಓಬಳಜ್ಜನ ಬಾನಿ. ಅಜ್ಜ ನಮ್ಮ ಜಗಲಿಗೆ ಬಂದು ಕೂತ. ಮೊಣಕೈವರೆಗಿನ ನೀಲಿ ಆಗಲೇ ಮಾಸತೊಡಗಿತ್ತು.

"ಮೂರು ತಲೆಮಾರಿನ ಸಂಸಾರ ಕಣವ್ವ, ಮೂರೇ ದಿನಕ್ಕೆ ಜಾಳಿಗೆಗೆ ಬಂತು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಏಯ್ ಕೆಂಚಿ, ನಮ್ಮ ಕಾಳಿನ ಚಿತ್ರ ಬರೆದೇ ಅಲ್ವಾ ನೀನು ಪಾಸಾಗಿದ್ದು? ಅವು ಸಾಯ್ತಾ ಇದ್ರೆ ಮಣೆ ಮ್ಯಾಲೆ ಕೂತು ನೋಡ್ತೀಯಲ್ಲ."

"ನೋಡ್ತಾನೇ ಇದೀನಜ್ಜ."

"ನೋಡು ನೋಡು. ಸತ್ತ ಮ್ಯಾಲೆ ಇನ್ನೊಂದು ಚಿತ್ರ ಬರಿ."

ಹದಿನೈದು ದಿನದಲ್ಲಿ ಒಂಬತ್ತು ಬಾನಿಗಳು ಹೋದವು. ಉಳಿದವು ಎರಡು. ದಿನಾ ಜಾಳಿಗೆ ತುಂಬುತ್ತಿದ್ದ ನಮ್ಮದು, ಮತ್ತು ಏನೂ ಆಗದ ದೊಡ್ಡವ್ವನದು. ಹನ್ನೆರಡು ವರ್ಷದಿಂದ ಅವಳು ಬಳಸುತ್ತಿದ್ದುದೇ ಗುಡ್ಡದ ನೀರು.

ಓಬಳಜ್ಜ ಊರಿನ ಪರವಾಗಿ ಅವಳ ಮನೆಗೆ ಹೋದ. ಕೇಳುವಂತಿಲ್ಲವಲ್ಲ. ಒಂದು ತಾಸು ಕೂತು, ಎರಡು ಲೋಟ ಮಜ್ಜಿಗೆ ಕುಡಿದು, ಬಿಸಿಲಿನ ಬಗ್ಗೆ ಮಾತಾಡಿ ಎದ್ದು ಬಂದ. "ಏನಂದ್ಲು?" ಎಂದು ಜನ ಕೇಳಿದರೆ, "ಬಿಸಿಲು ಜಾಸ್ತಿ ಅಂದ್ಲು" ಎಂದ.

ನಾನೂ ಹೋದೆ. ದೊಡ್ಡವ್ವ ಬಾನಿಯ ಮೇಲಿನ ತಾಮ್ರವರ್ಣದ ಕೆನೆ ಸರಿಸಿ, ಒಂದು ಬಟ್ಟಲು ತೆಗೆದು, ನನ್ನ ಮುಂದೆ ಇಟ್ಟಳು. ಹೊಸಿಲಿನ ಒಳಗೇ ಕೂತು ನೋಡಿದೆ. ಒಂದೊಂದು ಕಾಳಿನ ಸಿಪ್ಪೆಯ ಮೇಲೂ ಹಸಿರು ಧೂಳಿನಂಥ ಚುಕ್ಕಿ ಮೂಡುತ್ತಿತ್ತು, ಉದುರುತ್ತಿತ್ತು, ಮತ್ತೆ ಮೂಡುತ್ತಿತ್ತು. ಒಳಗಿನ ಬಳೆ ಅಜ್ಜಿಯದೇ, ಆದರೆ ತುಸು ದೊಡ್ಡದಾಗಿತ್ತು. ಗುಡ್ಡದ ನೀರಿನಲ್ಲಿ ಯಾವುದೋ ಕಾಲದಿಂದ ಇದ್ದ ಯಾವುದೋ ಬಡ ಕಾಳಿನಿಂದ ಅದು ಹೊಸ ವಿದ್ಯೆಯ ತುಂಡೊಂದನ್ನು ಹೊಲಿದುಕೊಂಡಿತ್ತು.

"ಬೆವರ್ತಾವೆ ದೊಡ್ಡವ್ವ" ಎಂದೆ.

"ಹೂಂ. ವಿಷ ಒಳಗೇ ಇಟ್ಕೊಂಡೋವು ಸಾಯ್ತಾವೆ. ಇವು ಹೊರಗೆ ದಬ್ತಾವೆ" ಎಂದಳು. ಬಟ್ಟಲು ತೆಗೆದುಕೊಂಡು ಬಾನಿಗೆ ವಾಪಸು ಸುರಿದಳು. ಕೈ ಬಾನಿಯ ಅಂಚಿನ ಮೇಲೆ ತುಸು ಹೊತ್ತು ಹಾಗೇ ಇತ್ತು.

ನಾಲ್ಕು ದಿನ ಕಳೆದು, ಒಂದು ಬೆಳಗ್ಗೆ ಅವ್ವ ಏಳಲಿಲ್ಲ. ಮೈ ಬಿಸಿಯಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ಎತ್ತೋಕೆ ನನ್ನ ಕೈಲಾಗಲ್ಲ. ನೀನೇ ಎತ್ತು" ಎಂದಳು. ಆರು ವರ್ಷದ ಹುಡುಗಿಯಾಗಿದ್ದಾಗಿನಿಂದ ಆ ಬಾನಿಗೆ ಕೈ ಹಾಕಿದವಳು. ಇದು ಹೋದರೆ ಅವಳು ಬೇರೆ ಏನು ಮಾಡುತ್ತಾಳೆ ಎಂದು ನನಗೆ ಊಹಿಸಲಿಕ್ಕೆ ಆಗಲಿಲ್ಲ. ಜಾಳಿಗೆ ಹಿಡಿದು ಬಾನಿಯ ಮುಂದೆ ಕೂತೆ. ನನಗೂ ಎತ್ತಲಾಗಲಿಲ್ಲ. ಜಾಳಿಗೆ ಬದಿಗಿಟ್ಟು ಬಟ್ಟಲಲ್ಲಿ ಮೊಗೆದರೆ ಮೂರು ಬದುಕಿದ್ದ ಕಾಳು, ಏಳು ಸತ್ತವು ಬಂದವು. ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂತೆ.

ಎಳೆಬಿಸಿಲು ಕಿಟಕಿಯಿಂದ ಮಣೆಗೆ ಬರುವಷ್ಟು ಹೊತ್ತಾಗಿರಬೇಕು. ಸತ್ತ ಕಾಳೊಂದರ ಸಿಪ್ಪೆ ಬಿರಿಯಿತು. ಒಳಗಿನ ನೂಲಿನುಂಡೆ ನೀರಿಗೆ ಚೆಲ್ಲಿತು, ತುಂಡುತುಂಡಾಗಿ ತೇಲಿತು. ಬದುಕಿದ್ದ ಕಾಳೊಂದು ಆ ತುಂಡಿನ ಹತ್ತಿರ ಬಂದು ನಿಂತಿತು. ಮುಟ್ಟಿತು. ತುದಿಯನ್ನು ಹಿಡಿದು, ಜೋಡಿ ಎಳೆಯಲ್ಲಿ ಒಂದನ್ನು ಹೊರಗೇ ಕರಗಿಸಿ, ಇನ್ನೊಂದನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ಒಳಗೆ ಸೆಳೆದುಕೊಂಡಿತು.

ಇದನ್ನು ನಾನು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೆ. ಸತ್ತವುಗಳಿಂದಲೂ ಬದುಕಿದ್ದವು ಪಡೆಯುತ್ತವೆ ಎಂದು ದುಂಡಗೆ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೆ. ನಮ್ಮೂರಿನಲ್ಲಿ ಹುಟ್ಟಿದ ಯಾರೊಬ್ಬರೂ ಅದನ್ನು ಕಣ್ಣಾರೆ ನೋಡಿರಲಿಲ್ಲ. ನೋಡುವುದಕ್ಕೆ ಮೊದಲೇ ಎತ್ತಿ ಬೂದಿ ಹಾಕುತ್ತಿದ್ದೆವು.

ಜೀವದ ಕಾಳು ಒಂದೂ ಹೊಸಿಲು ದಾಟಲ್ಲ ಎಂದಿದ್ದಳು ದೊಡ್ಡವ್ವ. ಸತ್ತವು ದಿನಾ ಬೆಳಗ್ಗೆ ದಾಟುತ್ತಿದ್ದವು.

ಹೊಂಗೆಮರದ ಕೆಳಗೆ ಅವಳ ಮೂಲೆಯನ್ನು ಕೆದಕಿದೆ. ಬೂದಿಯಲ್ಲಿ ಒಣಗಿದ ಕಾಳುಗಳು ಬೆರಳಿಗೆ ತಗಲಿದರೆ ಹಿಟ್ಟಾಗುತ್ತಿದ್ದವು. ಬಟ್ಟಲಿಗೆ ಹಾಕಿ ನೀರು ಬಿಟ್ಟೆ. ಬೂದುನೀರು, ಅಷ್ಟೇ. ಎಳೆಯಿಲ್ಲ, ಬಳೆಯಿಲ್ಲ. ಇನ್ನೊಂದು ಹಿಡಿ ಕೆದಕಿದೆ. ಆಗ ಹಿಂದೆ ಯಾರೋ ನಿಂತಂತಾಯಿತು. ದೊಡ್ಡವ್ವ, ಕೈಯಲ್ಲಿ ಅವತ್ತಿನ ಜಾಳಿಗೆ.

ಕಂಡವರ ಸತ್ತ ಕಾಳನ್ನು ಕೆದಕುವುದು ನಮ್ಮೂರಿನಲ್ಲಿ ಸಣ್ಣ ತಪ್ಪಲ್ಲ. ನನ್ನ ನೀಲಿ ಕೈಗಳು ಮೊಣಕೈತನಕ ಬೂದಿಯಾಗಿದ್ದವು. ಅವಳು ಬಟ್ಟಲನ್ನು ನೋಡಿದಳು, ನನ್ನ ಮುಖ ನೋಡಿದಳು. ಕೂತು, ಜಾಳಿಗೆ ಬೋರಲು ಹಾಕಿ, ಎಂದಿನಂತೆ ಒಂದು ಹಿಡಿ ಬೂದಿ ಚೆಲ್ಲಿದಳು. ಎದ್ದು ಹೋಗುವಾಗ ತಿರುಗದೆ ಹೇಳಿದಳು:

"ಬೂದಿ ಬಿದ್ಮ್ಯಾಲೆ ಏನೂ ಉಳಿಯಲ್ಲ ಮಗಾ."

ಮರುದಿನ ಹೊತ್ತು ಮೂಡುವ ಮೊದಲೇ ಹೋದೆ. ಅವಳ ಮೂಲೆಯಲ್ಲಿ, ಬೂದಿಯಿಂದ ಒಂದು ಗೇಣು ದೂರಕ್ಕೆ, ಚಪ್ಪಟೆ ಕಲ್ಲಿನ ಮೇಲೆ ಮುತ್ತುಗದ ಎಲೆಯಿತ್ತು. ಮೇಲೆ ಒದ್ದೆ ಬಟ್ಟೆ. ಬಟ್ಟೆ ಎತ್ತಿದೆ. ಆಗಷ್ಟೇ ಸತ್ತ ಕಾಳುಗಳು, ತೇವ ಆರದೆ ಹೊಳೆಯುತ್ತಿದ್ದವು. ಒಂದೂ ಅಲುಗಾಡುತ್ತಿರಲಿಲ್ಲ. ಒಂದೊಂದರೊಳಗೂ ಬಳೆಯಿತ್ತು. ಅಷ್ಟನ್ನೂ ಅವಳು ಒಂದೊಂದಾಗಿ ಮುಟ್ಟಿ ನೋಡಿ, ಜೀವವಿಲ್ಲವೆಂದು ಖಾತ್ರಿ ಮಾಡಿಕೊಂಡೇ ತಂದಿರಬೇಕು. ನಲವತ್ತು ವರ್ಷ ಬಾನಿಗೆ ಬಗ್ಗಿದವಳಿಗೆ ನನ್ನ ಐದು ಅಂಕದ ಉತ್ತರ ಯಾವತ್ತೋ ಗೊತ್ತಿತ್ತೋ, ಅಥವಾ ಬೂದಿಯಾದ ನನ್ನ ಕೈ ನೋಡಿ ಆ ಕ್ಷಣದಲ್ಲಿ ತಿಳಿಯಿತೋ, ನಾನು ಇವತ್ತಿಗೂ ಕೇಳಿಲ್ಲ.

ಆ ಮನೆಯದು ಎಂದು ಗೊತ್ತಾದರೆ ಅವ್ವ ಮುಟ್ಟುವವಳಲ್ಲ. ಹೇಳದೆ ಬಾನಿಗೆ ಬಿಟ್ಟೆ. ಮೂರು ದಿನ ಎಲೆ ತಂದೆ, ಮೂರು ದಿನ ಜಾಳಿಗೆ ಹಾಕಲಿಲ್ಲ. ಬದುಕಿದ್ದವು ದಿನಕ್ಕೆ ಅರ್ಧವಾಗುತ್ತಿದ್ದವು. ಮೂರನೆಯ ಸಂಜೆ ಎಣಿಸಿದರೆ ಮೂವತ್ತರ ಆಸುಪಾಸು.

ನಾಲ್ಕನೆಯ ಬೆಳಗ್ಗೆ ಅವ್ವ ಎದ್ದು ಬಂದಳು. ಕೆನೆ ಸರಿಸಿದವಳೇ ಕೂಗಿಕೊಂಡಳು.

"ಏನೇ ಇದು! ಮೂರು ದಿನದ್ದು ಹಂಗೇ ಬಿಟ್ಟೀಯ? ಓದಿ ಓದಿ ಮಡಿ ಮೈಲಿಗೆ ಎಲ್ಲಾ ಮರೆತ್ಯಾ? ಕೊಡು ಜಾಳಿಗೆ!"

"ಇವತ್ತೊಂದಿನ ಬಿಡವ್ವ."

"ಕೊಡು ಅಂದ್ರೆ!"

ಜಾಳಿಗೆ ಕಿತ್ತುಕೊಂಡು ಬಾನಿಗೆ ಬಗ್ಗಿದಳು. ಜಾಳಿಗೆ ನೀರು ಮುಟ್ಟಿತು. ಅಲ್ಲೇ ನಿಂತಿತು. ಅವ್ವ ಇನ್ನಷ್ಟು ಬಗ್ಗಿದಳು, ಮೂಗಿನ ತುದಿ ನೀರಿಗೆ ತಗಲುವಷ್ಟು. ಸತ್ತವುಗಳ ನಡುವೆ ಒಂದು ಕಾಳು ಬಾಲ ತಿರುಗಿಸುತ್ತಾ ಹೊರಟಿತ್ತು. ಅದರ ಸಿಪ್ಪೆಯ ಮೇಲೆ ಹಸಿರು ಚುಕ್ಕಿಯೊಂದು ಮೂಡಿತು, ಉದುರಿತು, ಇನ್ನೊಂದು ಮೂಡಿತು.

ಊರಿಗೆಲ್ಲ ಗೊತ್ತಿತ್ತು ಹಸಿರು ಬೆವರುವ ಬಾನಿ ಯಾವುದೆಂದು. ಅವ್ವ ಈಗ ಅದನ್ನು ಎತ್ತಿ ಹೊರಗೆ ಎಸೆಯುತ್ತಾಳೆ ಎಂದುಕೊಂಡೆ. ಅವಳು ನೇರವಾಗಿ ನಿಂತು ನನ್ನ ತೋಳು ಹಿಡಿದಳು. ದನಿ ಪೂರಾ ಇಳಿದಿತ್ತು.

"ಜೀವದ್ದು ತಂದ್ಯೇನೇ? ಅಕ್ಕನ ಮಾತು ಮುರೀತಾ? ಕೈ ಹೋಯ್ತಾ?"

"ಇಲ್ಲವ್ವ. ಸತ್ತಿದ್ದು ತಂದೆ."

"ಸತ್ತಿದ್ದು ಹೆಂಗೆ... ಎಲ್ಲಿತ್ತು?"

"ಗುಂಡಿ ಹತ್ರ. ಕಲ್ಲಿನ ಮ್ಯಾಲೆ, ಎಲೆಯಾಗೆ."

"ಬೂದಿ?"

"ಹಾಕಿರ್ಲಿಲ್ಲ. ಒದ್ದೆ ಬಟ್ಟೆ ಮುಚ್ಚಿತ್ತು."

ಅವ್ವ ಮಣೆಯ ಮೇಲೆ ಕೂತಳು. ಜಾಳಿಗೆ ತೊಡೆಯ ಮೇಲಿತ್ತು, ಅದರಿಂದ ನೀರು ಸೀರೆಗೆ ಇಳಿಯುತ್ತಿತ್ತು. ಆ ಒಂದು ಕಾಳು ನಿಧಾನವಾಗಿ ಉದ್ದವಾಯಿತು. ಒಳಗಿನ ಎಳೆ ಎರಡಾಯಿತು, ಬಳೆ ಎರಡಾಯಿತು, ನಡುವೆ ಹೊಸ ಗೋಡೆ ಎದ್ದಿತು, ಒಂದು ಕಾಳಿದ್ದಲ್ಲಿ ಎರಡು ನಿಂತವು. ಮಧ್ಯಾಹ್ನದ ಹೊತ್ತಿಗೆ ಅವು ಹದಿನಾರಾಗಿ ಸುತ್ತ ಕೈ ಚಾಚತೊಡಗಿದವು. ಸಾಯಲು ಕಾದಿದ್ದ ಕಾಳಿನ ಮೈಗೆ ಕೈ ತಗಲಿ, ಎಳೆ ಸರಿದು, ಅರೆಗಳಿಗೆ ಬಿಟ್ಟು ಅದೂ ಬೆವರಿತು. ಅವ್ವ ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದಳು. ಹಸಿವಾಗಿದೆಯೆಂದು ಇಬ್ಬರಿಗೂ ನೆನಪಾಗಲಿಲ್ಲ.

ಹತ್ತನೆಯ ದಿನ ಬಾನಿಯ ಮೇಲೆ ಕೆನೆ ಕಟ್ಟಿತು. ಅವ್ವ ಒಂದು ತುಂಡು ಬಟ್ಟೆ ಅದ್ದಿ ಎತ್ತಿದಳು. ಹಳದಿ. ಗಾಳಿಗೆ ಹಿಡಿದಳು. ಹಸಿರು. ನಮ್ಮ ಬಾನಿಯ ಬಣ್ಣ ಹನ್ನೆರಡು ವರ್ಷದಿಂದ ನಿಲ್ಲುತ್ತಿದ್ದ ಕಡೆ ಇದು ನಿಲ್ಲಲಿಲ್ಲ. ನೀಲಿಗೆ ಬಂತು, ನೀಲಿಯೊಳಗೆ ಇನ್ನೂ ಇಳಿಯಿತು, ಕಪ್ಪಿಗೆ ಒಂದು ಕೂದಲೆಳೆ ಈಚೆ ಬಂದು ನಿಂತಿತು. ಬಳೆ ಒಂದೇ ಆಗಿತ್ತು. ತಾಮ್ರ ದಬ್ಬುವ ವಿದ್ಯೆಯ ಜೊತೆಗೆ ಅಜ್ಜಿಯ ಬಣ್ಣವೂ ಅದರಲ್ಲೇ ಬಂದಿತ್ತು, ವ್ಯಾಪಾರಿಯ ಬಳೆ ಜಾಗ ಬಿಟ್ಟಿತ್ತು.

ಅವ್ವ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು. ತೆಗೆದಾಗ ಕೆನ್ನೆ, ಹಣೆ ಎಲ್ಲ ನೀಲಿ.

ಆ ವಾರ ಒಂಬತ್ತು ಮನೆಯವರೂ ಗಡಿಗೆ ಹಿಡಿದು ಬಂದರು. ಅವ್ವನಿಗೆ ಯಾವ ಆಣೆಯೂ ಇರಲಿಲ್ಲ, ಒಬ್ಬೊಬ್ಬರಿಗೆ ಒಂದು ಸೌಟು ಜೀವದ ಕಾಳು ಕೊಟ್ಟಳು. ಓಬಳಜ್ಜ ತನ್ನ ಗಡಿಗೆಯನ್ನು ಬೆಳಕಿಗೆ ಹಿಡಿದು, "ಮಾಳವ್ವ ಹೊಸಿಲು ದಾಟಲಿಲ್ಲ, ಊರೆಲ್ಲಾ ಸುತ್ತಾಡ್ಕೊಂಡ್ ಬಂದ್ಲು ನೋಡು" ಎಂದು ನಕ್ಕ. ಅವ್ವ ನಗಲಿಲ್ಲ. "ಸೋರ್ತೈತೆ, ನೆಟ್ಟಗೆ ಹಿಡಕಾ ಮಾವ" ಎಂದಳು.

ಮರುದಿನ ಬೆಳಗ್ಗೆ ಜಾಳಿಗೆಯನ್ನು ಅವಳೇ ಹಾಕಿದಳು. ಗುಂಡಿಗೆ ನಾನೂ ಜೊತೆಗೆ ಹೋದೆ. ನಮ್ಮ ಮೂಲೆಯಲ್ಲಿ ಅವಳು ಕೂರಲಿಲ್ಲ. ದೊಡ್ಡವ್ವನ ಚಪ್ಪಟೆ ಕಲ್ಲಿನ ಹತ್ತಿರ ಹೋಗಿ, ಸೊಂಟದಿಂದ ಮುತ್ತುಗದ ಎಲೆ ತೆಗೆದು ಹಾಸಿ, ನಮ್ಮ ಬಾನಿಯ ಸತ್ತ ಕಾಳುಗಳನ್ನು ಅದರ ಮೇಲೆ ಹರಡಿದಳು. ದೊಡ್ಡವ್ವನ ಬಾನಿಗೆ ಇವು ಕೊಡಬಹುದಾದದ್ದು ಏನೂ ಇರಲಿಲ್ಲ. ಇರುವುದೆಲ್ಲ ಅಲ್ಲಿಯದೇ. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೀರಿನಲ್ಲಿ ಅದ್ದಿ, ಹಿಂಡಿ, ಮೇಲೆ ಮುಚ್ಚಿದಳು. ಬೂದಿಯ ಕಡೆ ನೋಡಲಿಲ್ಲ.

ಮಾರನೆಯ ದಿನ ಹೋದಾಗ ಕಲ್ಲಿನ ಮೇಲೆ ಎಲೆ ಬೋರಲಾಗಿತ್ತು, ತೊಳೆದಿಟ್ಟಂತೆ. ಪಕ್ಕದಲ್ಲಿ ಅವ್ವನ ತಲೆಬಟ್ಟೆ, ಒಣಗಿಸಿ ನಾಲ್ಕು ಮಡಿಕೆ ಮಾಡಿದ್ದು. ಅವ್ವ ಅದನ್ನು ಎತ್ತಿಕೊಂಡು, ಎಣ್ಣೆ ಹಚ್ಚಿದ ನನ್ನ ಕೈಯನ್ನು ಮೂಸುತ್ತಿದ್ದ ಹಾಗೆಯೇ, ಮೂಸಿ ನೋಡಿದಳು.